ಮಂಗಳವಾರದ ಚಿಲಕ

ಮೆಕ್ಯಾನಿಕ್ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಯೇ ತೀರಬೇಕೆಂದು ಹಟ ಹಿಡಿದದ್ದಕ್ಕೆ ಹೇಳಿದ ಕಾರಣ ಒಂದು, ಇದ್ದ ಕಾರಣ ಇನ್ನೊಂದು.

ಹೇಳಿದ್ದು ಕಳ್ಳರ ಕಾರಣ. ಮೇಲಿನ ಮಹಡಿಯ ಮನೆಗೆ ಹಾಡಹಗಲೇ ಯಾರೋ ನುಗ್ಗಿ ಗೋಡೆ ಗಡಿಯಾರವನ್ನು ಇಳಿಸಿಕೊಂಡು ಹೋಗಿದ್ದರು. ಮನೆಯವನು ಒಳಗೇ ಇದ್ದ. ಪಕ್ಕದ ಕೋಣೆಯಲ್ಲಿ ಕಾಲು ಚಾಚಿಕೊಂಡು ಟಿವಿ ನೋಡುತ್ತಿದ್ದ. ಗಂಟೆ ಎಷ್ಟಾಯಿತು ಎಂದು ನೋಡಲು ಎದ್ದು ಬಂದಾಗಲೇ ಗಡಿಯಾರ ಇಲ್ಲ ಎನ್ನುವುದು ಗೊತ್ತಾದದ್ದು. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು, ಅಷ್ಟೆ. ಇಡೀ ಕಟ್ಟಡದಲ್ಲಿ ಒಂದು ವಾರ ಇದೇ ಮಾತಾಯಿತು: ಮನೆಯೊಳಗೆ ಇರುವಾಗಲೂ ಬಾಗಿಲು ಭದ್ರ ಮಾಡಿಕೊಳ್ಳಬೇಕೋ, ಬೇಡವೋ. ಮೆಕ್ಯಾನಿಕನಿಗೆ ಆ ಕಳುವಾದ ಗಡಿಯಾರ ದೇವರೇ ಕೊಟ್ಟ ಹಾಗೆ ಒದಗಿ ಬಂತು.

ಏಕೆಂದರೆ ಅವನ ಮನೆಯಲ್ಲಿ ಕದಿಯಲು ಗಡಿಯಾರವೂ ಇರಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದು ಹೆಂಡತಿಯ ಅಕ್ಕ.

ಅವನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟಿನ ಬಾಗಿಲು ಸರಿಯಾಗಿ ಕೂತು ಲಾಕ್ ಆಗದಿದ್ದರೆ ಮೋಟಾರು ಎಷ್ಟು ಗಟ್ಟಿಯಿದ್ದರೂ ಅದು ಒಂದಿಂಚು ಕದಲುವುದಿಲ್ಲ. ಇಪ್ಪತ್ತು ವರ್ಷ ಇದನ್ನೇ ನೋಡಿ ನೋಡಿ, ಏನೇ ಶುರುವಾಗಬೇಕಿದ್ದರೂ ಮೊದಲು ಬಾಗಿಲು ಮುಚ್ಚಬೇಕು ಎನ್ನುವುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮದುವೆಯಾದದ್ದು ತಡವಾಗಿ. ಅವನ ತಲೆ ಅರ್ಧ ನರೆತಿತ್ತು, ಅವಳಿಗೂ ಓದಲು ಕನ್ನಡಕ ಬಂದಿತ್ತು. ಅವಳು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಲ್ಯಾಬಿಗೆ ಮಂಗಳವಾರ ರಜೆ. ಇವನು ಮೇಲಧಿಕಾರಿಗಳ ಕೈಕಾಲು ಹಿಡಿದು ತನ್ನ ರಜೆಯನ್ನೂ ಮಂಗಳವಾರಕ್ಕೆ ಮಾಡಿಸಿಕೊಂಡಿದ್ದ. ವಾರಕ್ಕೊಂದು ದಿನ, ತಮ್ಮದೇ ಮನೆ, ತಾವಿಬ್ಬರೇ. ಅವನು ಬದುಕಿನಿಂದ ಕೇಳಿದ್ದು ಅಷ್ಟೇ, ಸಿಗದೇ ಹೋದದ್ದೂ ಅದೇ.

ಎರಡು ಬೀದಿ ಆಚೆ ಇದ್ದ ಅಕ್ಕನಿಗೂ ಮಂಗಳವಾರ ತಂಗಿ ಮನೆಯಲ್ಲಿರುತ್ತಾಳೆ ಎನ್ನುವುದು ಗೊತ್ತಿತ್ತು, ತಪ್ಪದೆ ಅಂದೇ ಬರುತ್ತಿದ್ದಳು. ಅವಳದು ಲಾಂಡ್ರಿ ಅಂಗಡಿಯಲ್ಲಿ ಬಟ್ಟೆ ಮಡಚುವ ಕೆಲಸ. ಬಂದವಳು ಸುಮ್ಮನೆ ಕೂರುವ ಪೈಕಿ ಅಲ್ಲ. ನೇರ ಬೀರು ತೆಗೆದು ಒಂದೊಂದೇ ಬಟ್ಟೆ ಈಚೆ ಹಾಕಿ, ಮತ್ತೆ ಮಡಚಿ ಇಡುವಳು. ಮೆಕ್ಯಾನಿಕನ ಒಳಚಡ್ಡಿಗಳು ಕೂಡ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಡುವಂತೆ ಅಂಚಿಗೆ ಅಂಚು ಕೂಡಿಸಿಕೊಂಡು ಕೂತಿರುತ್ತಿದ್ದವು. ಒಮ್ಮೆ ಅವನು ಟವಲು ಸುತ್ತಿಕೊಂಡು ಸ್ನಾನದ ಮನೆಯಿಂದ ಈಚೆ ಬಂದರೆ ಅಕ್ಕ ಎದುರಿಗೇ ಇದ್ದಳು. "ತಲೆ ಸರಿಯಾಗಿ ಒರೆಸ್ಕೊಳಪ್ಪ, ಶೀತ ಆಗುತ್ತೆ" ಎಂದಳೇ ಹೊರತು ಕಣ್ಣು ಕೂಡ ಮಿಟುಕಿಸಲಿಲ್ಲ. ಇನ್ನೊಮ್ಮೆ ಮಧ್ಯಾಹ್ನ ಗಂಡ ಹೆಂಡತಿ ಮಲಗುವ ಕೋಣೆಯಲ್ಲಿದ್ದಾಗಲೇ ಬಂದಳು. ಆ ಸಂಗತಿಯನ್ನು ಮೂವರೂ ಮತ್ತೆ ಎತ್ತಲಿಲ್ಲ.

ಅವಳನ್ನು ದೂರುವುದಕ್ಕೂ ಬರುವಂತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಅವಳೇ. ತನ್ನ ಮದುವೆಯನ್ನು ಮುಂದಕ್ಕೆ ಹಾಕಿ, ತಂಗಿಗೆ ಜಡೆ ಹಾಕಿ, ಜ್ವರ ಬಂದರೆ ರಾತ್ರಿಯಿಡೀ ಕೂತವಳು. ಅಕ್ಕತಂಗಿಯರು ಬೆಳೆದ ಆ ಮನೆಯಲ್ಲಿ ಬಾಗಿಲು ತಟ್ಟುವ ಪದ್ಧತಿಯೇ ಇರಲಿಲ್ಲ. ಮನೆಯವರು, ನಂಟರು, ಬೇಕಾದವರು ತಳ್ಳಿಕೊಂಡು ಒಳಗೆ ಬರುವರು. ತಟ್ಟುವವರು ಎಂದರೆ ಮೀಟರು ನೋಡುವವನು, ಯಾವುದೋ ವಿಳಾಸ ಕೇಳುವವನು, ಆಸ್ಪತ್ರೆಯಿಂದ ಸುದ್ದಿ ತಂದವನು. ಒಳಗಿನಿಂದ "ಯಾರು?" ಎಂದು ಕೇಳಿಸಿಕೊಂಡವನು ಆ ಮನೆಗೆ ಪರಕೀಯ ಎಂದೇ ಲೆಕ್ಕ.

ಚಿಲಕದ ಮಾತು ಬಂದಾಗ ಹೆಂಡತಿ ಮೊದಲು ನಕ್ಕಳು.

"ಒಳಗೆ ಕೂತ್ಕೊಂಡು ಬಾಗಿಲು ಬಿಗಿಯೋದು ಯಾಕೆ? ನಿಮ್ಮನ್ನ ಯಾರು ಕದೀತಾರೆ?"

"ಮೇಲಿನ ಮನೆಯವನೂ ಹೀಗೇ ನಗ್ತಿದ್ದ."

"ಇಬ್ಬರಲ್ಲಿ ಒಬ್ಬರಿಗೆ ಏನಾದ್ರೂ ಆಯ್ತು ಅನ್ನಿ. ಬಿದ್ವಿ, ಎದೆನೋವು ಬಂತು. ಬಾಗಿಲು ಹಾಕಿದ್ರೆ ಯಾರು ಬರ್ತಾರೆ?"

"ನಾನು ದಿನಾ ಅದೇ ಕೆಲ್ಸ ಮಾಡ್ತೀನಲ್ಲ. ಒಳಗೆ ಸಿಕ್ಕಿಹಾಕ್ಕೊಂಡೋರನ್ನ ಈಚೆ ತೆಗೆಯೋದು. ಬೇಕಾದ್ರೆ ಬೆಲ್ಲೂ ಹಾಕಿಸ್ತೀನಿ. ಬೇಕಾದೋರು ಒತ್ತಲಿ."

ಬೇಕಾದೋರು ಎನ್ನುವಾಗ ಅವನು ಅವಳ ಮುಖ ನೋಡಲಿಲ್ಲ. ಅವಳೂ ಮುಂದೆ ಮಾತು ಬೆಳೆಸಲಿಲ್ಲ. ಮರುದಿನವೇ ಚಿಲಕ ಬಂತು, ಬೆಲ್ಲೂ ಬಂತು. ಚಿಲಕವನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದನೆಂದರೆ ಹಾಕುವಾಗ, ತೆಗೆಯುವಾಗ ಸದ್ದೇ ಇರಲಿಲ್ಲ. ಬೆಲ್ಲಿನ ಸದ್ದು ಮಾತ್ರ ಪಕ್ಕದ ಕಟ್ಟಡಕ್ಕೂ ಕೇಳುವಂತಿತ್ತು. ಅಕ್ಕನಿಗೆ ಇದನ್ನೆಲ್ಲ ಯಾರು ಹೇಳಬೇಕು ಎನ್ನುವ ಪ್ರಶ್ನೆ ಬಂದಾಗ ಅವನು ಸುಮ್ಮನಾದ. ಅವಳ ಅಕ್ಕ, ಅವಳೇ ಹೇಳಿಕೊಳ್ಳಲಿ ಎಂದುಕೊಂಡ.

ಮೊದಲ ಮಂಗಳವಾರ ಅವನು ಹಜಾರದಲ್ಲಿ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಹೆಂಡತಿ ಒಳಕೋಣೆಯಲ್ಲಿ ಮಲಗಿ ಪತ್ರಿಕೆ ಓದುತ್ತಿದ್ದಳು. ಹೊರಗೆ ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದು ಬಂತು. ಆಮೇಲೆ ಬಾಗಿಲನ್ನು ಯಾರೋ ತಳ್ಳಿದರು. ಜೋರಾಗಿ ಅಲ್ಲ, ತೆರೆದೇ ತೆರೆಯುತ್ತದೆ ಎನ್ನುವ ನಂಬಿಕೆಯಿಂದ ತಳ್ಳುತ್ತಾರಲ್ಲ, ಹಾಗೆ. ಚಿಲಕ ತನ್ನ ಕೊಂಡಿಯಲ್ಲಿ ಕೂದಲೆಳೆಯಷ್ಟು ಸರಿದು ನಿಂತಿತು. ಅದರ ಸದ್ದು ಬೇರೆ ಯಾರಿಗೂ ಕೇಳುವಂಥದ್ದಲ್ಲ. ಆದರೆ ಬಾಗಿಲುಗಳ ಸದ್ದು ಕೇಳಿಯೇ ಅನ್ನ ಸಂಪಾದಿಸಿದ ಕಿವಿ ಅವನದು. ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತಿತು.

ಬೆಲ್ ಆಗುತ್ತದೆ ಎಂದು ಕಾದ. ಆಗಲಿಲ್ಲ. ತಟ್ಟುತ್ತಾಳೆ ಎಂದು ಕಾದ. ಇನ್ನೊಮ್ಮೆ ತಳ್ಳುವ ಸದ್ದು, ಈ ಸಲ ಮೊದಲಿಗಿಂತ ಮೆಲ್ಲಗೆ. ಆಮೇಲೆ ಚಪ್ಪಲಿ ಮೆಟ್ಟಿಲಿಳಿದು ಹೋಯಿತು.

ಎದ್ದು ಬಾಗಿಲು ತೆಗೆದಿದ್ದರೆ ಅವಳು ಇನ್ನೂ ಮೆಟ್ಟಿಲಿನ ಮೇಲೇ ಸಿಗುತ್ತಿದ್ದಳು. ಅವನು ಏಳಲಿಲ್ಲ. ಫ್ಯಾನಿನ ರೆಕ್ಕೆ ಒರೆಸಿದ.

"ಅಕ್ಕ ಇವತ್ತು ಬರ್ಲೇ ಇಲ್ವಲ್ಲ" ಎಂದಳು ಹೆಂಡತಿ, ಊಟಕ್ಕೆ ಕೂತಾಗ.

"ಏನೋ ಕೆಲ್ಸ ಇರ್ಬೇಕು" ಎಂದ ಅವನು.

ಆ ಮಧ್ಯಾಹ್ನ ಇಬ್ಬರೂ ಕಿಟಕಿಯ ಪರದೆ ಎಳೆದುಕೊಂಡು ಸಂಜೆಯವರೆಗೂ ಮಲಗಿದರು. ಮದುವೆಯಾದಂದಿನಿಂದ ಅಂಥ ಮಂಗಳವಾರ ಬಂದಿರಲಿಲ್ಲ. ಅವನಿಗೆ ಸಂತೋಷವಾಯಿತು. ಆ ಸಂತೋಷದ ಒಂದು ಮೂಲೆಯಲ್ಲಿ ಏನೋ ಕಲ್ಲಿನಂತೆ ಒತ್ತುತ್ತಿತ್ತು. ಅವನು ಮಗ್ಗುಲು ಬದಲಿಸಿದ.

ಮುಂದಿನ ಮಂಗಳವಾರವೂ ಅದೇ ಸದ್ದು. ಈ ಸಲ ಒಂದೇ ಸಲ ತಳ್ಳಿದಳು. ಅದರ ಮುಂದಿನ ವಾರ ಬರಲೇ ಇಲ್ಲ.

ಬಾರದಿದ್ದಾಗ ಅವನಿಗೆ ದಿಗಿಲಾಯಿತು. ಬಂದವಳಿಗೆ ಬಾಗಿಲು ತೆಗೆಯದಿರುವುದು ಒಂದು ಬಗೆ, ಬರುವುದನ್ನೇ ಬಿಟ್ಟವಳನ್ನು ಏನು ಮಾಡುವುದು? ಹೆಂಡತಿ ಅಕ್ಕನಿಗೆ ಫೋನು ಮಾಡಿದಂತೆಯೂ ಕಾಣಲಿಲ್ಲ. ಮೊದಲೆಲ್ಲ ಫೋನು ಕೈಗೆತ್ತಿಕೊಂಡರೆ ಅಕ್ಕತಂಗಿಯರ ಮಾತು ಮುಗಿಯುತ್ತಲೇ ಇರಲಿಲ್ಲ. ಪಾಪ, ಅಕ್ಕ ತನ್ನನ್ನು ಮರೆತಳು ಎಂದು ಒಳಗೊಳಗೇ ಕೊರಗುತ್ತಿದ್ದಾಳೆ ಎಂದುಕೊಂಡ. ಸಮಾಧಾನಕ್ಕೆಂದು ಹೆಂಡತಿಗೊಂದು ಜೊತೆ ಹೊಸ ಚಪ್ಪಲಿ ತಂದುಕೊಟ್ಟ. ಅವಳು ಹಾಕಿಕೊಂಡು ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿ, ಚೆನ್ನಾಗಿದೆ ಎಂದಳು. ತಾನೊಬ್ಬನೇ ಬಲ್ಲ ಆ ಸದ್ದನ್ನು ಅವನು ನುಂಗಿಕೊಂಡೇ ಇದ್ದ. ಹೇಳಿದರೆ ಅವಳು ತನ್ನನ್ನು ಕ್ಷಮಿಸುವುದಿಲ್ಲ ಎನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಹೇಳದಿದ್ದರೆ ಇಬ್ಬರು ಅಕ್ಕತಂಗಿಯರನ್ನು ಬೇರೆ ಮಾಡಿದ ಪಾಪ ತನ್ನ ತಲೆಗೆ.

ಹೀಗಿರುವಾಗ ಒಂದು ದಿನ ಆಸ್ಪತ್ರೆಯೊಂದರ ಲಿಫ್ಟ್ ಕೆಟ್ಟಿದೆ ಎಂದು ಕರೆ ಬಂತು. ನಾಲ್ಕನೇ ಮಹಡಿಯ ಬಾಗಿಲಿನ ಹಳಿಯಲ್ಲಿ ಯಾರೋ ಬೀಳಿಸಿದ ಔಷಧಿ ಬಾಟಲಿಯ ಮುಚ್ಚಳ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ಎದ್ದು ನಿಂತರೆ, ಎದುರಿಗೆ ಗಾಲಿ ಕುರ್ಚಿಯಲ್ಲಿ ಅಕ್ಕ. ಹಿಂದೆ ಕುರ್ಚಿ ಹಿಡಿದುಕೊಂಡು ಅವಳ ಗಂಡ, ಮೆಕ್ಯಾನಿಕನ ಷಡ್ಡಕ. ತಾನೇ ರೋಗಿಯೇನೋ ಎನ್ನುವಷ್ಟು ಬಿಳಿಚಿಕೊಂಡಿದ್ದ.

"ನೀನಾ?" ಎಂದಳು ಅಕ್ಕ. "ಸರಿಹೋಯ್ತಾ ಇದು? ಕೆಳಗೆ ಗಾಡಿ ಕಾಯ್ತಿದೆ."

ಮೆಕ್ಯಾನಿಕ್ ತಲೆಯಾಡಿಸಿದ. ಅವರನ್ನು ಒಳಗೆ ಕರೆದುಕೊಂಡು ಗುಂಡಿ ಒತ್ತಿದ. ಬಾಗಿಲು ಮುಚ್ಚಿತು. ಲಿಫ್ಟಿನಲ್ಲಿ ಅಕ್ಕನಿಂದ ಒಂದು ಮೊಳ ದೂರದಲ್ಲಿ ನಿಂತು, ಓಡಿಹೋಗಲು ಜಾಗವಿಲ್ಲದೆ, ಏನಾಗಿತ್ತು ಎಂದು ಕೇಳಿದ.

"ಪಿತ್ತಕೋಶದಲ್ಲಿ ಕಲ್ಲು. ತೆಗೆದ್ರು. ಈಗ ಮನೆಗೆ ಹೋಗಿ ಅಂದಿದ್ದಾರೆ" ಎಂದಳು ಅಕ್ಕ. "ಇವ್ರಿಗೋ, ರಕ್ತ ಅಂದ್ರೇನೇ ತಲೆ ಸುತ್ತು. ಆಪರೇಷನ್ ನನಗೆ, ಮಂಚ ಹಿಡಿದೋರು ಇವ್ರು."

"ನಮಗೊಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ಹೇಳೋಣ ಅಂತಾನೇ ಬಂದಿದ್ದೆ. ಫೋನಲ್ಲಿ ಹೇಳಿದ್ರೆ ಅವಳು ಹೆದರ್ತಾಳೆ ಅಂತ. ಬಾಗಿಲು ತಳ್ಳಿದೆ, ತೆರೀಲಿಲ್ಲ. ಮುಂದಿನ ವಾರವೂ ಹಾಗೇ." ಅವಳು ಅವನ ಕಡೆ ನೋಡದೆ ಮಡಿಲಿನಲ್ಲಿದ್ದ ಟವಲನ್ನು ಅಂಚಿಗೆ ಅಂಚು ಸೇರಿಸಿ ಮಡಚಿದಳು. "ಇಬ್ರೂ ಎಲ್ಲೋ ಸುತ್ತಾಡೋಕೆ ಹೋಗಿದ್ದೀರಿ ಅಂದ್ಕೊಂಡೆ. ಹೋಗ್ಲಿ, ಈಗಲಾದ್ರೂ ಹೋಗ್ತಿದ್ದಾರಲ್ಲ ಅಂತ ಸಮಾಧಾನ ಆಯ್ತು."

ಲಿಫ್ಟ್ ಕೆಳಗೆ ಮುಟ್ಟಿತು. ಅವರನ್ನು ಗಾಡಿ ಹತ್ತಿಸಿ ಬಂದು ಸಾಮಾನಿನ ಚೀಲದ ಮೇಲೆ ಕೂತ ಮೇಲೆ ಅವನಿಗೆ ಹೊಳೆಯಿತು. ಹೊರಗೆ ಹೋದವರು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿರಬೇಕು. ಬೀಗವಿಲ್ಲದ, ತೆರೆಯದ ಬಾಗಿಲ ಮುಂದೆ ಎರಡು ವಾರ ನಿಂತವಳಿಗೆ ಒಳಗೆ ಜನ ಇದ್ದಾರೆ ಎನ್ನುವುದು ಗೊತ್ತಿಲ್ಲದೆ ಇದ್ದೀತೆ? ಗೊತ್ತಿದ್ದೂ ಅವಳು ಆ ಸುಳ್ಳನ್ನು ಹೇಳಿದಳು. ಅವನಿಗೆ ನಾಚಿಕೆಯಾಯಿತು.

ಅರ್ಧ ದಿನದ ರಜೆ ಹಾಕಿ ಸೀದಾ ಲ್ಯಾಬಿಗೆ ಹೋದ. ಹೆಂಡತಿ ಯಾರದೋ ಮೇಲ್ದವಡೆಯ ಹಲ್ಲುಸಾಲನ್ನು ಕೈಯಲ್ಲಿ ಹಿಡಿದು ಸಣ್ಣ ಅರದಿಂದ ಉಜ್ಜುತ್ತಿದ್ದಳು. ಅವಳ ಮೇಜಿನ ಪಕ್ಕ ನಿಂತೇ ಆಸ್ಪತ್ರೆಯ ಸಂಗತಿಯನ್ನೆಲ್ಲ ಹೇಳಿದ. ಅವಳ ಕೈಯ ಅರ ನಿಂತಿತು. ನಿಂತದ್ದೇ ಧೈರ್ಯವೆಂದುಕೊಂಡು ಉಳಿದದ್ದನ್ನೂ ಹೇಳಿಬಿಟ್ಟ.

"ಅಕ್ಕ ಬಂದಿದ್ಲು. ಎರಡು ಸಲ. ನನಗೆ ಬಾಗಿಲು ತಳ್ಳಿದ್ದು ಕೇಳಿಸ್ತು. ನಾನೇ ಸುಮ್ನಿದ್ದೆ."

ಅವಳು ಹಲ್ಲುಸಾಲನ್ನು ಮೆಲ್ಲಗೆ ತಟ್ಟೆಗಿಟ್ಟಳು.

"ನನಗೂ ಕೇಳಿಸ್ತು" ಎಂದಳು.

ಅವನಿಗೆ ಅರ್ಥವಾಗಲಿಲ್ಲ. "ಅದು ಕೇಳ್ಸೋ ಸದ್ದಲ್ಲ" ಎಂದ.

"ನಾವು ಬೆಳೆದ ಮನೇಲಿ ಬೆಲ್ ಎಲ್ಲಿತ್ತು? ಬಾಗಿಲು ತಳ್ಳಿದ ರೀತಿಯಲ್ಲೇ ಬಂದೋರು ಯಾರು ಅಂತ ಗೊತ್ತಾಗೋದು. ಅಕ್ಕ ತಳ್ಳಿದ್ದು ನನಗೆ ನಿದ್ದೇಲೂ ಗೊತ್ತಾಗುತ್ತೆ." ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಅವಳು ಬಂದ್ರೆ ನಾನು ಎದ್ದು ನಿಲ್ಬೇಕು, ಹದಿನಾರು ವರ್ಷದವಳಾಗ್ಬೇಕು. ಒಂದಿನ ಏಳ್ದೇ ಇರೋಣ ಅನ್ನಿಸ್ತು. ಚಿಲಕ ಹಾಕಿದ್ದು ನೀವು, ಬೈದ್ರೆ ನಿಮ್ಮನ್ನೇ ಬೈತಾಳೆ ಅಂತ ಸುಮ್ನೆ ಮಲಗಿದ್ದೆ."

ಇಷ್ಟು ವಾರ ಅವನೊಬ್ಬನೇ ಹೊತ್ತಿದ್ದ ಭಾರದಲ್ಲಿ ಅವಳದೂ ಅರ್ಧವಿತ್ತು. ಆದರೂ ಅವನಿಗೆ ಹಗುರವಾಗಲಿಲ್ಲ. ಅವಳನ್ನು ಬೈಯಲು ಅವನಿಗೆ ಬಾಯಿಯಿರಲಿಲ್ಲ, ಅವನನ್ನು ಬೈಯಲು ಅವಳಿಗೂ ಇರಲಿಲ್ಲ. ಮೇಜು ಒರೆಸಿ, ಕೈ ತೊಳೆದುಕೊಂಡು, ಅವಳು ಮುಂದೆ ನಡೆದಳು.

ಅಕ್ಕನ ಮನೆಯ ಬಾಗಿಲು ಎಂದಿನಂತೆ ಹಾರುಹೊಡೆದಿತ್ತು. ಹೊಸಿಲಿನಿಂದಲೇ ಹಜಾರ ಕಾಣುತ್ತಿತ್ತು: ಕುರ್ಚಿಯ ಮೇಲೆ ಆಸ್ಪತ್ರೆಯ ಚೀಲ, ಗೋಡೆಗೆ ಒರಗಿಸಿದ ಕೊಡೆ, ಒಳಕೋಣೆಯ ಮಂಚದ ತುದಿಯಲ್ಲಿ ಹೊದಿಕೆಯಿಂದ ಈಚೆ ಬಂದ ಅಕ್ಕನ ಎರಡು ಪಾದ. ತಂಗಿ ಈ ಹೊಸಿಲನ್ನು ದಾಟಿ ಸಾವಿರ ಸಲ ಒಳಗೆ ಹೋಗಿದ್ದವಳು. ಚಪ್ಪಲಿ ಬಿಟ್ಟಳು, ಒಂದು ಹೆಜ್ಜೆ ಎತ್ತಿದಳು, ಹಾಗೇ ಹಿಂದಕ್ಕಿಟ್ಟಳು.

"ಹೋಗು" ಎಂದ ಮೆಕ್ಯಾನಿಕ್, ಪಿಸುದನಿಯಲ್ಲಿ.

ಅವಳು ಕೈಯೆತ್ತಿ, ಆ ತೆರೆದ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದಳು.

ಮಂಚದ ಮೇಲಿನ ಪಾದಗಳು ಅಲುಗಾಡಲಿಲ್ಲ. ಆಮೇಲೆ ಅಕ್ಕನ ದನಿ ಬಂತು, ಗೊತ್ತಿಲ್ಲದವರೊಡನೆ ಆಡುವ, ತುಂಬ ಮರ್ಯಾದೆಯ ದನಿ.

"ಯಾರು? ಯಾರು ಬೇಕಾಗಿತ್ತು?"