ಮೂಗುರಾಯರ ಕಾಡುಪುದೀನ

ಸೋಪು ಮಾಡುವ ಆ ಎರಡು ಕೋಣೆಯ ಕಾರ್ಖಾನೆಯಲ್ಲಿ ಅಕ್ಕನದು ಕೈ, ತಮ್ಮನದು ಮೂಗು. ಅಕ್ಕ ಎಣ್ಣೆ ಕಾಯಿಸಿ, ಕ್ಷಾರ ಬೆರೆಸಿ, ಅಚ್ಚಿಗೆ ಸುರಿಯುತ್ತಿದ್ದಳು. ತಮ್ಮ ಮೂಸಿ ನೋಡಿ ಹೂಂ ಎಂದರೆ ಮಾತ್ರ ಮಾಲು ಅಂಗಡಿಗೆ ಹೋಗುತ್ತಿತ್ತು. ಗಿರಾಕಿಗಳು ಅವನನ್ನು ಮೂಗುರಾಯರು ಎಂದೇ ಕರೆಯುತ್ತಿದ್ದರು. ಆ ಬಿರುದನ್ನು ಅವನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದನೆಂದರೆ, ನೆಗಡಿಯಾದವರು ಎದುರಿಗೆ ಬಂದರೆ ಬೀದಿಯ ಆಚೆ ಬದಿಗೆ ದಾಟಿಬಿಡುತ್ತಿದ್ದ.

ಇಷ್ಟು ಜೋಪಾನ ಮಾಡಿದ ಮೂಗು ಒಂದು ಜ್ವರಕ್ಕೆ ಕೈಕೊಟ್ಟಿತು. ಜ್ವರ ಬಿಟ್ಟರೂ ವಾಸನೆ ಮರಳಲಿಲ್ಲ. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಮೂಗಿಲ್ಲದ ಮೇಲೆ ಇಲ್ಲಿ ತಾನು ಯಾವ ಲೆಕ್ಕಕ್ಕೆ? ಅಚ್ಚು ತೊಳೆಯುವುದಕ್ಕೂ ಅಕ್ಕ ಅವನನ್ನು ನಂಬುತ್ತಿರಲಿಲ್ಲ. ಹಾಗಾಗಿ ಮೊದಲಿನಂತೆಯೇ ಕಣ್ಣು ಮುಚ್ಚಿ ಮೂಸುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ, ಹೂಂ ಎನ್ನುತ್ತಿದ್ದ. ವಾಸನೆ ಇದ್ದಾಗಲೂ ಅರ್ಧ ನಟನೆಯೇ ತಾನೇ ಎಂದು ತನ್ನನ್ನೇ ಅಣಕಿಸಿಕೊಳ್ಳುತ್ತಿದ್ದ.

ಅವರ ಹೆಸರಾಂತ ಸೋಪಿಗೆ ಬೇಕಾದ ಕಾಡುಪುದೀನ ರೈಲು ಹಳಿಯ ಪಕ್ಕದ ಚರಂಡಿ ದಂಡೆಯಲ್ಲಿ ಬೆಳೆಯುತ್ತಿತ್ತು. ಹಳಿ ಅಗಲ ಮಾಡುವವರು ಅದನ್ನು ಮುಚ್ಚುತ್ತಾರೆಂದು ಸುದ್ದಿಯಾದಾಗ, ಬೇರುಸಮೇತ ತಂದು ಬೆಳೆಸುತ್ತೇನೆಂದು ಇವನೇ ಎದೆ ತಟ್ಟಿಕೊಂಡು ಹೊರಟ. ಚೌಕ ಕಾಂಡ, ಎದುರುಬದುರು ಎಲೆ, ಎಲೆಯಂಚಿಗೆ ಹಲ್ಲು: ಗುರುತುಗಳೆಲ್ಲ ಬಾಯಿಪಾಠ. ಇದೇ ಗುರುತಿನ ದಾಯಾದಿ ಗಿಡಗಳು ಬೇಕಾದಷ್ಟಿವೆ, ಎಲೆ ಹೊಸಕಿ ಮೂಸಿದರಷ್ಟೇ ತೀರ್ಮಾನ ಎಂಬುದೂ ಬಾಯಿಪಾಠವೇ. ಹೊಸಕಿದ, ಮೂಸಿದ, ಹೂಂ ಎಂದ.

ಹಿತ್ತಲ ತೊಟ್ಟಿಗಳಲ್ಲಿ ಗಿಡ ಮೊಣಕಾಲೆತ್ತರ ಬೆಳೆಯಿತು. ಮಣ್ಣಿನ ಜೊತೆ ಬಂದ ಒಂದು ಕುಳ್ಳ ಕಳೆ ಮಾತ್ರ ಅದರ ಬುಡದಲ್ಲಿ ಹರಿದಾಡುತ್ತಿತ್ತು. ಚಳಿಗೆ ಎಲ್ಲ ಒಣಗಿತು. ಮತ್ತೆ ಚಿಗುರುವಾಗ ಆ ಕಳೆಯೂ ಚಿಗುರಿತು. ದಿನಾ ಸಂಜೆ ಅದನ್ನು ಕಿತ್ತೆಸೆದು, ಕೈ ಒರೆಸಿಕೊಂಡು ಊಟಕ್ಕೆ ಕೂರುತ್ತಿದ್ದ. ಅಕ್ಕ ಅವನ ಕೈ ನೋಡಿ ಸುಮ್ಮನಾಗುತ್ತಿದ್ದಳು. ತನ್ನ ದುಡಿಮೆ ಕಂಡು ಅವಳಿಗೆ ಮಾತೇ ಹೊರಡುತ್ತಿಲ್ಲ ಎಂದು ಒಳಗೊಳಗೇ ಬೀಗಿದ.

ಮೊದಲ ಕೊಯ್ಲಿನ ಎಲೆಯನ್ನು ಎಣ್ಣೆಯಲ್ಲಿ ನೆನೆಸಿ ಅಕ್ಕ ಒಂದೇ ಒಂದು ಸೋಪು ಮಾಡಿದಳು. ಆರಿದ ಮೇಲೆ ತಂದು ಅವನ ಮೂಗಿನಡಿ ಹಿಡಿದಳು.

"ಮೊದಲು ತಂಪು. ಆಮೇಲೆ ಸ್ವಲ್ಪ ನಿಂಬೆ. ಕೊನೆಗೆ ಮಳೆ ಬಿದ್ದ ಮಣ್ಣು," ಎಂದ.

"ಬೆಕ್ಕು ಉಚ್ಚೆ ಹೊಯ್ದ ಹಾಗಿದೆ ಕಣೋ," ಎಂದಳು ಅಕ್ಕ.

ಅವನು ತಡವರಿಸುತ್ತಾ ಜ್ವರದ ಕಥೆಯನ್ನೆಲ್ಲ ಹೇಳಿದ. ಅವಳಿಗೆ ಮೊದಲೇ ಗೊತ್ತಿತ್ತು. ಅವನು ಹೂಂ ಎಂದ ಪ್ರತಿಯೊಂದು ಮಾಲನ್ನೂ ಅವನ ಬೆನ್ನ ಹಿಂದೆ ಮತ್ತೆ ಮೂಸಿ ಸರಿಪಡಿಸುತ್ತಿದ್ದವಳು ಅವಳೇ.

"ಕಳೆ ಅಂತ ದಿನಾ ಕೀಳ್ತಿದ್ಯಲ್ಲ, ಅದೇ ಕಾಡುಪುದೀನ. ಕೈತುಂಬಾ ಅದರ ಘಮ ಹತ್ತಿಸ್ಕೊಂಡು ಊಟಕ್ಕೆ ಬರ್ತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನಾನು ಕಾಯ್ತಾ ಇದ್ದೆ."

ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು. ಇನ್ನು ತನಗಿಲ್ಲಿ ಏನು ಕೆಲಸ ಎಂದು ಕೇಳಿದ.

ಅಕ್ಕ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಅಷ್ಟು ಕಿತ್ತಿದ್ದರೂ ಮಣ್ಣಲ್ಲುಳಿದ ಬೇರಿನ ತುಣುಕೊಂದು ತೊಟ್ಟಿಯ ಮೂಲೆಯಲ್ಲಿ ಮತ್ತೆ ಚಿಗುರೊಡೆದಿತ್ತು. ಒಂದು ಎಲೆ ಚಿವುಟಿ ಅವನ ಬಾಯಿಗಿಟ್ಟಳು. ಅಗಿದ. ಘಮವಿಲ್ಲ, ಬರೀ ಹುಲ್ಲು ತಿಂದ ಹಾಗೆ. ಆದರೆ ಮೆಲ್ಲಗೆ ನಾಲಿಗೆಯ ಮೇಲೆ ತಂಪು ಹರಡಿತು. ಉಸಿರೆಳೆದುಕೊಂಡರೆ ಗಂಟಲಲ್ಲೂ ತಂಪು.

"ತಂಪಿದೆ ಅಕ್ಕ," ಎಂದ. "ಈ ಸಲ ನಿಜವಾಗ್ಲೂ."

"ಹಾಗಾದ್ರೆ ಗಿಡ ಗುರುತಿಸೋದು, ಬೆಳೆಸೋದು ನಿಂದು. ಮೂಸೋದು ನಂದು. ಮೊದಲು ಆ ಬೆಕ್ಕಿನ ಗಿಡ ಕಿತ್ತು ಬಿಸಾಕು."

ಹೊಸ ಸೋಪು ಆರಿದ ದಿನ ಅಕ್ಕ ಮೂಸಿ ಹೂಂ ಎಂದಳು. ಅವಳು ಅತ್ತ ತಿರುಗಿದ ಮೇಲೆ ಅವನೊಂದು ಸೋಪು ಎತ್ತಿಕೊಂಡು ಮೆಲ್ಲಗೆ ನೆಕ್ಕಿದ. ಕಹಿ, ಚರುಕು, ಅದರ ಹಿಂದೆ ಸಣ್ಣಗೆ ತಂಪು. ಬಾಯಲ್ಲಿ ನೊರೆ ಇಟ್ಟುಕೊಂಡೇ ಹೂಂ ಎಂದ.