ಕೆಂಪು ಮಶೀನಿನ ಮೊದಲ ಮರ

ಮಾಜಾಳಿಯ ದೋಣಿ ಬಡಗಿ ರಾಮಾ ಕಾರವಾರದ ಹಳೇ ಸಾಮಾನಿನ ಅಂಗಡಿಗೆ ಹೋದದ್ದು ಒಂದು ಉಳಿ ಹುಡುಕಲಿಕ್ಕೆ. ತುಕ್ಕು ಹಿಡಿದ ಫ್ಯಾನುಗಳ ಹಿಂದಿದ್ದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದವನು ಅಲ್ಲೇ ಮಂಡಿಯೂರಿ ಕೂತುಬಿಟ್ಟ. ಒಳಗೆ ಮರ ಕೊಯ್ಯುವ ಮಶೀನು! ಸಣ್ಣವನಿದ್ದಾಗ ಟಿಂಬರ್ ಡಿಪೋದ ಬೇಲಿಯಾಚೆ ನಿಂತು ಆಸೆಯಿಂದ ನೋಡುತ್ತಿದ್ದನಲ್ಲ, ಅಂಥದ್ದೇ. ಕೆಂಪು ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಚೈನಿನ ಹಲ್ಲುಗಳಿಗೆ ಹಚ್ಚಿದ್ದ ಗ್ರೀಸು ಹಾಗೇ ಇತ್ತು.

"ತರಿಸಿದವ್ರು ಒಂದ್ಸಲನೂ ಚಾಲೂ ಮಾಡ್ಲಿಲ್ಲ," ಎಂದ ಅಂಗಡಿಯವ.

ಉಳಿಯನ್ನು ಮರೆತ ರಾಮಾ ಅದನ್ನೇ ಹೊತ್ತು ತಂದ. ಗೋವಾಕ್ಕೆ ಕೆಲಸಕ್ಕೆ ಹೋಗಿಬರುವ ತಂಗಿಯ ಮಗ ಕಿಶನ ಹೊಸ ಮೊಬೈಲಿನಲ್ಲಿ ಅದರ ಫೋಟೊ ತೆಗೆದದ್ದೇ ತೆಗೆದದ್ದು.

"ಮಾಮಾ, ಇದ್ರಲ್ಲಿ ಮರ ಕೊಯ್ಬೇಡಿ ಮತ್ತೆ! ಇಂಥದ್ದನ್ನ ಶೋಕಿಗೆ ಇಟ್ಕೊಳ್ಳುವವ್ರು ಗೋವಾದಲ್ಲಿದ್ದಾರೆ. ಒಂದು ಗೀರು ಬಿದ್ರೂ ಇದ್ರ ಕಿಮ್ಮತ್ತು ಹೋಯ್ತು."

ಎರಡು ದಿನ ರಾಮಾ ಅದನ್ನು ಒರೆಸುತ್ತ ಕೂತ. ಊಟಕ್ಕೆ ಕೂತರೂ ಕಣ್ಣು ಅದರ ಮೇಲೆಯೇ. ಕೊನೆಗೆ ಹೆಂಡತಿ ವೈಜಯಂತಿಗೆ ತಡೆಯಲಾಗಲಿಲ್ಲ.

"ನಿಮ್ಗೆ ಅದ್ರ ಸದ್ದು ಕೇಳ್ಬೇಕಾ, ಬೇಡ್ವಾ?"

"ಕೇಳ್ಬೇಕು!"

"ಮತ್ತೆಂತಕ್ಕೆ ಕಾಯೂದು?"

ರಾಮಾ ದೋಣಿ ಇಂಜಿನ್ನಿನ ಮೇಸ್ತ್ರಿಯಿಂದ, ಇಟ್ಟಲ್ಲೇ ಒಣಗಿ ಬಿರಿದಿದ್ದ ಪೆಟ್ರೋಲ್ ಪೈಪು ತೆಗೆಸಿ ಹೊಸದು ಹಾಕಿಸಿದ. ಆಯಿಲ್ ಬೆರೆಸಿದ ಪೆಟ್ರೋಲು ಹೊಯ್ದು, ಅಂಗಳದ ಹಲಸಿನ ದಿಮ್ಮಿಯ ಪಕ್ಕ ಕಾಲೂರಿ ನಿಂತು ಮಶೀನು ಚಾಲೂ ಮಾಡುವ ಹಗ್ಗ ಎಳೆದ. ನಾಲ್ಕನೆಯ ಎಳೆತಕ್ಕೆ ಮಶೀನು ಅಬ್ಬರಿಸಿತು. ತೆಂಗಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಹಲ್ಲುಗಳು ದಿಮ್ಮಿಯೊಳಗೆ ಸರಾಗ ಇಳಿದಂತೆ ಹಳದಿ ಹುಡಿ ಚಿಮ್ಮಿ ರಾಮಾನ ಮೀಸೆಗೆ ಮೆತ್ತಿತು. ಅವನು ಬಾಯ್ತುಂಬ ನಗುತ್ತಿದ್ದ.

ತುಂಡು ದಪ್ಪೆಂದು ಬಿದ್ದದ್ದೇ ತಡ, ಕಿಶನ ಅಂಗಿಯ ತೋಳು ಮಡಚುತ್ತ ಓಡಿ ಬಂದ.

"ಮಾಮಾ, ನಂಗೂ ಒಂದ್ಸಲ ಕೊಡಿ!"