ನಾಲ್ಕನೇ ವಾರ್ಡಿನ ಬೆಡ್‌ಶೀಟುಗಳು

"ಕೊಡವಿದ್ರಾ?" ನರ್ಸು ಬಾಗಿಲಲ್ಲೇ ನಿಂತು ಕೇಳಿದಳು. "ನಾಲ್ಕನೇ ವಾರ್ಡಿನ ಬೆಡ್‌ಶೀಟು ಕೊಡವಿದ್ರಾ ಅಂತ ಕೇಳ್ತಿರೋದು."

ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಸವೆಸಿದ ಹೆಂಗಸಿಗೆ ಇದೆಂಥ ಪ್ರಶ್ನೆ! ಕೊಡವದೆ ಮೆಷಿನ್ನಿಗೆ ಹಾಕುವುದುಂಟೇ? ಮುದುಕರ ವಾರ್ಡಿನ ಬಟ್ಟೆಯಲ್ಲಿ ಕನ್ನಡಕ, ಕಟ್ಟಿಸಿದ ಹಲ್ಲು, ಏನೇನೋ ಸಿಕ್ಕಿಕೊಂಡು ಬರುತ್ತವೆ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಮೆಷಿನ್ನಿನೊಳಗೆ ಕಟಕಟನೆ ಮಾತಾಡಿ ಎಲ್ಲರ ಜೀವ ಬಾಯಿಗೆ ತಂದಿತ್ತು. ಅಂದಿನಿಂದ ಅವಳು ಒಂದೊಂದನ್ನೂ ಎರಡೆರಡು ಸಲ ಝಾಡಿಸುತ್ತಿದ್ದಳು.

"ಕೊಡವಿದೆ ಸಿಸ್ಟರ್. ಏನೂ ಸಿಗಲಿಲ್ಲ."

"ಅಯ್ಯೋ, ಅಲ್ಲಿ ಆರು ಜನಕ್ಕೆ ವಾಂತಿ ಭೇದಿ. ವೈರಸ್ಸು ಅಕ್ಕಾ. ಕೊಡವಿದ್ರೆ ಗಾಳಿಗೆ ಹಾರುತ್ತೆ, ಕೈಗೆ ಅಂಟುತ್ತೆ. ಕಣ್ಣಿಗೆ ಕಾಣದಷ್ಟು ಬಾಯಿಗೆ ಹೋದ್ರೂ ಸಾಕು. ನೇರ ಬಿಸಿನೀರಿನ ಮೆಷಿನ್ನಿಗೆ ಹಾಕಬೇಕಿತ್ತು, ನಮ್ಮ ವಾರ್ಡಿನವರು ಗಂಟಿಗೆ ಸೋಂಕಿನ ಚೀಟಿ ಅಂಟಿಸೋದು ಮರೆತಿದ್ದಾರೆ."

"ಕೈಗೆ ಸ್ಯಾನಿಟೈಸರ್ ಹಾಕ್ಕೊಂಡೆನಲ್ಲ, ಎರಡು ಸಲ?"

"ಇದು ಅದಕ್ಕೆಲ್ಲ ಬಗ್ಗಲ್ಲ. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೀಬೇಕು."

ಅವಳು ತನ್ನ ಕಿರುಬೆರಳನ್ನು ನೋಡಿಕೊಂಡಳು. ಒಂದು ಗಂಟೆಯ ಹಿಂದಷ್ಟೇ ಮಗಳು ಮನೆಯ ಬೀಗದ ಕೈ ಇಸಿದುಕೊಳ್ಳಲು ಮಗುವನ್ನೆತ್ತಿಕೊಂಡು ಗೇಟಿನ ಹತ್ತಿರ ಬಂದಿದ್ದಳು. ಹಲ್ಲು ಬರುತ್ತಿದ್ದ ಆರು ತಿಂಗಳ ಮೊಮ್ಮಗಳು ರಚ್ಚೆ ಹಿಡಿದಿದ್ದಳು. ಅಜ್ಜಿ ಸ್ಯಾನಿಟೈಸರನ್ನು ಮೊಳಕೈವರೆಗೆ ಸವರಿಕೊಂಡು, ಒಣಗುವವರೆಗೂ ಕಾದು, ಕಿರುಬೆರಳನ್ನು ಮಗುವಿನ ಬಾಯಿಗಿಟ್ಟಿದ್ದಳು. ಮಗು ಅದನ್ನು ಚೀಪಿ ಚೀಪಿ ನಕ್ಕಿತ್ತು.

ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಏನೂ ಆಗದಿದ್ದರೆ ಸುಮ್ಮನೆ ಯಾಕೆ ಹೆದರಿಸಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜಕ್ಕೂ ಅವಳು ಹೆದರಿದ್ದು ಮಗಳ ಮುಖಕ್ಕೆ. ತಲೆನೋವೆಂದು ನೆಪ ಹೇಳಿ ಮಗುವನ್ನು ಮುಟ್ಟಲಿಲ್ಲ, ತಟ್ಟೆ ಲೋಟ ಬೇರೆ ಇಟ್ಟುಕೊಂಡಳು. ಮಗು ಬಿಕ್ಕಳಿಸಿದರೂ ಅವಳ ಜೀವ ಹಾರಿಹೋಗುತ್ತಿತ್ತು.

ಮರುದಿನ ಮಧ್ಯಾಹ್ನ ಅವಳ ಹೊಟ್ಟೆಯೇ ಮೊದಲು ತೊಳಸಿತು. ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು. ಮೂರು ಸಲ ವಾಂತಿಯಾಗಿ, ಗೋಡೆ ಹಿಡಿದು ಎದ್ದು, ಸೋಪಿನಿಂದ ಕೈ ಉಜ್ಜುತ್ತಿರುವಾಗ ಮಗಳು ಬಾಗಿಲು ಬಡಿದಳು.

"ಅಮ್ಮಾ, ಬೇಗ ಬಾ. ಪಾಪು ಕುಡಿದದ್ದೆಲ್ಲಾ ಕಕ್ತಿದೆ, ಮೈ ಸುಡ್ತಿದೆ. ಸ್ವಲ್ಪ ಎತ್ಕೋ, ನಿನ್ನ ಹತ್ರ ಆದ್ರೆ ಸುಮ್ಮನಿರುತ್ತೆ."

ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತಳು.

"ತೆಗೆಯಲ್ಲ ಕಣೇ. ನನ್ನಿಂದಲೇ ಬಂದಿದ್ದು." ಬೆಡ್‌ಶೀಟು, ಬೆರಳು, ಒಂದನ್ನೂ ಬಿಡದೆ ಬಾಗಿಲಿನ ಒಳಗಿನಿಂದಲೇ ಹೇಳಿದಳು. "ಈಗಲೇ ಡಾಕ್ಟರ ಹತ್ರ ಹೋಗು. ದಾರೀಲಿ ಚಮಚದಲ್ಲಿ ಓಆರ್‌ಎಸ್ ಕೊಡ್ತಾ ಇರು. ನೀನೂ ಸೋಪಲ್ಲಿ ಕೈ ತೊಳ್ಕೋ."

ಅಡುಗೆಮನೆಯಲ್ಲಿ ಬಹಳ ಹೊತ್ತು ನಲ್ಲಿಯ ನೀರು ಬಿತ್ತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮಗುವಿನ ಅಳು ಒಂದೊಂದೇ ಮಹಡಿ ಇಳಿಯುತ್ತಾ ಹೋಯಿತು. ಅವಳು ಬಾಗಿಲಿಗೆ ಕಿವಿಯಾನಿಸಿ, ಅದು ಕೇಳಿಸುವಷ್ಟು ಹೊತ್ತೂ ನಿಂತಿದ್ದಳು.